ನಾಲ್ಕು ಗಂಟಿನ ಜೇಬು

ಕೆಂಚೇಗೌಡರ ಕೋಟು ಇಪ್ಪತ್ತು ವರ್ಷದ ಮೇಲೆ ಮತ್ತೆ ನನ್ನ ಅಂಗಡಿಗೆ ಬಂದಿದೆ. ತಂದದ್ದು ಅವರ ಮಗ ನಿಂಗೇಗೌಡ. ಪಂಚೆಯಲ್ಲಿ ಸುತ್ತಿದ್ದನ್ನು ಬಿಚ್ಚಿದ್ದೇ ತಡ, ಒಣಗಿದ ಬೇವಿನೆಲೆಯ ವಾಸನೆ, ಅದರ ಜೊತೆಗೇ ನಶ್ಯದ ಘಾಟು ಗಪ್ಪನೆ ಮೂಗಿಗೆ ಬಡಿಯಿತು. ಸೀನಿದೆ. ಸೀನಿದ ಮೇಲೆ ಕಣ್ಣಲ್ಲಿ ನೀರು ಬಂತು. ಅದು ನಶ್ಯದ ನೀರು ಅಂತ ಅವನು ತಿಳಿದುಕೊಂಡ. ತಿಳಿದುಕೊಳ್ಳಲಿ ಬಿಡು ಅಂದುಕೊಂಡೆ.

"ಅಪ್ಪಯ್ಯ ಓದ ಮ್ಯಾಲೂ ಪೆಟ್ಟಿಗೇಲೇ ಇತ್ತು ಕಣ್ ಸಾಬ್ರೇ. ಈಗ ತಾಲ್ಲೂಕು ಬೋರ್ಡಿಗೆ ನನ್ನ ಆರಿಸವ್ರೆ. ಮೊದಲ್ನೇ ಮೀಟಿಂಗಿಗೆ ಇದನ್ನೇ ಆಕ್ಕೊಂಡು ಓಗು ಅಂತ ನಮ್ಮವ್ವನ ಆಸೆ. ವಸಿ ದೊಡ್ಡದು ಮಾಡ್ಕೊಡಿ," ಅಂದ. ಅಪ್ಪನ ಎತ್ತರವೇ ಅವನಿಗೂ ಬಂದಿದೆ, ಆದರೆ ಹೊಟ್ಟೆ ಮಾತ್ರ ಸ್ವಂತದ್ದು.

ಕೋಟನ್ನು ಮಡಿಸಿದ ಹಾಗೆಯೇ ಗೂಡಿನಲ್ಲಿಟ್ಟು, ಸಂತೆ ದಿನ ಬಾರಪ್ಪ ಅಂತ ಕಳಿಸಿದೆ. ದೊಡ್ಡದು ಮಾಡಬೇಕಾದರೆ ಒಳಮೈಯ ಬಟ್ಟೆ, ಅಂದರೆ ಅಸ್ತರು, ಬಿಚ್ಚಬೇಕು. ಆ ಅಸ್ತರಿನಲ್ಲಿ ನಾಲ್ಕು ಜೇಬುಗಳಿವೆ. ಅವುಗಳಲ್ಲಿ ನಮ್ಮ ಮನೆಯವರ ಕೈಯ ಒಂದು ತಪ್ಪು ಇದೆ ಅಂತ ಇಪ್ಪತ್ತು ವರ್ಷದಿಂದ ನಂಬಿಕೊಂಡು ಬಂದವನು ನಾನು. ಇವತ್ತು ಮುಟ್ಟಲು ಕೈ ಬರಲಿಲ್ಲ. ನಾಳೆ ಬಿಚ್ಚಿದರಾಯಿತು. ಅಷ್ಟರೊಳಗೆ ಆ ವರ್ಷದ್ದನ್ನು ಬರೆದಿಡುತ್ತೇನೆ.

ಅಪ್ಪ ತೀರಿಕೊಂಡು ಹುಣಸೂರಿನ ಬಜಾರು ಬೀದಿಯ ಈ ಅಂಗಡಿ ನನ್ನ ಕೈಗೆ ಬಂದ ಮೊದಲ ವರ್ಷ ಅದು. ನನಗೆ ಇಪ್ಪತ್ಮೂರು. ಮದುವೆಯಾಗಿ ಎರಡು ವರ್ಷ. ಹೆಂಡತಿ ಜೈಬುನ್ನಿಸಾ, ನನ್ನ ಬಾಯಲ್ಲಿ ಜೈಬೂ. ಮಿಷನ್ನಿನ ಕೆಲಸ ನನ್ನದು, ಕಾಜ ಹೊಲಿಯುವುದು, ಗುಂಡಿ ಹಾಕುವುದು, ಅಂಚು ಹೊಲಿಯುವುದು ಅವಳದು. ಅಂಗಡಿಗೂ ಮನೆಗೂ ನಡುವೆ ಒಂದು ಪರದೆ. ಆ ಪರದೆಯ ಹಿಂದೆ ಕೂತು ಅವಳು ಹೊಲಿದ ಕಾಜ ನೋಡಿ ಮೈಸೂರಿನ ಟೈಲರುಗಳೂ ಭಲೇ ಅಂದಿದ್ದಾರೆ.

ಆ ವರ್ಷ ಮುಂಗಾರು ಹಿಡಿದದ್ದು ಬಿಡಲಿಲ್ಲ. ಸೋನೆ, ಸೋನೆ, ಮೂರು ಹೊತ್ತೂ ಸೋನೆ. ಲಕ್ಷ್ಮಣತೀರ್ಥ ಕೆಂಪಗೆ ತುಂಬಿ ಹರಿಯುತ್ತಿತ್ತು. ಹೊಲಿದ ಬಟ್ಟೆಗೆ ಇಸ್ತ್ರಿ ಹಾಕಿದರೂ ತಣ್ಣಗೇ ಇರುತ್ತಿತ್ತು. ಅಂಥ ಒಂದು ಮಧ್ಯಾಹ್ನ ಕಂಬಳಿ ಕೊಪ್ಪೆ ಹಾಕಿಕೊಂಡು, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಒಬ್ಬರು ಅಂಗಡಿಯ ಮೆಟ್ಟಿಲ ಮೇಲೆ ನಿಂತರು. ಯಾರೋ ಗೇಯುವ ಆಳು ಅಂದುಕೊಂಡು "ಕಾಲು ತೊಳ್ಕೊಂಡು ಬಾರಯ್ಯ" ಅಂದುಬಿಟ್ಟೆ. ಅವರು ಸುಮ್ಮನೆ ಹೋಗಿ ಸೂರಿನ ನೀರಿನಲ್ಲಿ ಕಾಲು ತೊಳೆದು ಬಂದರು. ಕೊಪ್ಪೆ ತೆಗೆದರೆ, ಗಾವಡಗೆರೆಯ ಕೆಂಚೇಗೌಡರು! ಆ ವರ್ಷ ನಮ್ಮ ತಾಲ್ಲೂಕಿನಿಂದ ಪ್ರಜಾಪ್ರತಿನಿಧಿ ಸಭೆಗೆ ಆರಿಸಿ ಬಂದವರು. ಭೂಮಿ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

"ತಪ್ಪಾಯ್ತು ಗೌಡ್ರೇ…"

"ತಪ್ಪೇನ್ ಬಂತು ಸಾಬ್ರೇ, ಕೆಸರು ಇತ್ತು, ತೊಳ್ಕಂಡೆ. ಒಂದು ಕೋಟು ಒಲೀಬೇಕಲ್ಲ?"

ಪ್ರಜಾಪ್ರತಿನಿಧಿ ಸಭೆ ಅಂದರೆ ಈಗಿನ ಹುಡುಗರಿಗೂ ಗೊತ್ತು. ದಸರೆಯ ಸಮಯದಲ್ಲಿ ತಾಲ್ಲೂಕು ತಾಲ್ಲೂಕಿನ ಪ್ರತಿನಿಧಿಗಳು ಮೈಸೂರಿನಲ್ಲಿ ಸೇರಿ ದಿವಾನರ ಮುಂದೆ ತಮ್ಮ ಕಡೆಯ ಕಷ್ಟಸುಖ ಹೇಳಬೇಕು. ಹೋಗುವವರಿಗೆ ಜರಿ ಪೇಟ, ವಲ್ಲಿ, ಕತ್ತಿನವರೆಗೂ ಗುಂಡಿ ಇರುವ ಉದ್ದ ಕೋಟು ಇರಲೇಬೇಕು. ಗೌಡರ ಹತ್ತಿರ ಗದ್ದೆ ಇತ್ತು, ಹೊಲ ಇತ್ತು, ಕೋಟು ಇರಲಿಲ್ಲ. ಅಕ್ಷರವೂ ಇರಲಿಲ್ಲ. ರುಜು ಮಾಡಲು ಕಲಿತಿದ್ದರು, ಅಷ್ಟೇ.

ಅದೇ ಅವರಿಗೆ ದೊಡ್ಡ ಚಿಂತೆ. ಗೆದ್ದ ದಿನದಿಂದ ಹಳ್ಳಿ ಹಳ್ಳಿ ತಿರುಗಿ ಜನರ ಅರ್ಜಿ ಇಸಕೊಂಡಿದ್ದರು. ಬಗಲಿನ ಚೀಲದಿಂದ ಕಾಗದಗಳನ್ನು ತೆಗೆದು ನನ್ನ ಮೇಜಿನ ಮೇಲೆ ಹರವಿದರು.

"ನೋಡಿ, ನನ್ನ ಕಣ್ಣಿಗೆ ಇವೆಲ್ಲ ಒಂದೇ ತರ ಕಾಣ್ತವೆ. ಬಾಯಲ್ಲಿ ಯೋಳೋದಕ್ಕೆ ನಂಗೆ ಭಯ ಇಲ್ಲ. ಆದರೆ ಕಾಗದ ಮೊದಲು ಕೊಡಬೇಕು, ಅವರು ಓದಬೇಕು, ಆಮೇಲೆ ನಾನು ಮಾತಾಡಬೇಕು. ದಿವಾನ್ ಸಾಯೇಬ್ರ ಮುಂದೆ ಕೋಟು ಬಿಚ್ಚಿ ಯಾವುದಪ್ಪಾ ಅಂತ ಉಡುಕ್ತಾ ನಿಂತ್ರೆ ತಾಲ್ಲೂಕಿನ ಮಾನ ಓಯ್ತದೆ. ಕೈಬೆರಳಿಗೇ ಗೊತ್ತಾಗಂಗೆ ಏನಾರ ಮಾಡಿ."

ಯೋಚನೆ ಮಾಡಿ ನಾನೇ ಉಪಾಯ ಹೇಳಿದೆ. ತಾಲ್ಲೂಕಿಗೆ ನಾಲ್ಕು ಹೋಬಳಿ, ಕೋಟಿನ ಒಳಗೆ ನಾಲ್ಕು ಜೇಬು. ಜೇಬಿನ ಬಾಯಿಯ ಮೇಲೆ ಗಟ್ಟಿ ದಾರದ ಗಂಟು. ಒಂದು ಗಂಟಿದ್ದರೆ ಕಸಬಾ, ಅಂದರೆ ನಮ್ಮ ಹುಣಸೂರು ಪಟ್ಟಣ. ಎರಡಕ್ಕೆ ಗಾವಡಗೆರೆ, ಮೂರಕ್ಕೆ ಬಿಳಿಕೆರೆ, ನಾಲ್ಕಕ್ಕೆ ಹನಗೋಡು. ಕೈ ಹಾಕಿ ಗಂಟು ಎಣಿಸಿದರೆ ಸಾಕು, ನೋಡಬೇಕಾಗೇ ಇಲ್ಲ. ಗೌಡರು ಕೇಳಿ ತೊಡೆ ತಟ್ಟಿಕೊಂಡು ನಕ್ಕರು. "ಆಹಾ! ನಿಮ್ಮಪ್ಪನ ಮಗ ಕಣ್ರೀ ನೀವು!" ಅಂದರು. ನಶ್ಯದ ಡಬ್ಬಿ ನನ್ನ ಮುಂದೆ ಹಿಡಿದರು. ತೆಗೆದುಕೊಂಡು ಹನ್ನೆರಡು ಸಲ ಸೀನಿದೆ. ಪರದೆಯ ಹಿಂದಿನಿಂದ ಜೈಬೂ ನಕ್ಕಿದ್ದು ಕೇಳಿಸಿತು.

ಕೋಟಿಗೆ ಅಳತೆ ನೋಡಲು ಗೌಡರು ಶ್ರಾವಣದಲ್ಲಿ ಮತ್ತೆ ಬಂದರು. ನನಗೆ ಕೋಪ ಬಂತು. ತಿಂಗಳಲ್ಲಿ ಮನುಷ್ಯ ಅರ್ಧ ಇಳಿದುಹೋಗಿದ್ದಾರೆ! ಮಳೆಯಲ್ಲಿ ದಿನಾ ಹತ್ತು ಹನ್ನೆರಡು ಮೈಲಿ ನಡೆದರೆ ಆಗದೆ ಇನ್ನೇನು. "ಗೌಡ್ರೇ, ದಸರಾವರೆಗೆ ತಿರುಗೋದು ನಿಲ್ಲಿಸಿ, ಇಲ್ಲ ಕೋಟಿನ ಆಸೆ ಬಿಡಿ" ಅಂದೆ. ಎಲ್ಲ ಬಿಚ್ಚಿ ಮತ್ತೆ ಹೊಲಿದೆ.

ಅವತ್ತೇ ಅವರು ಹೇಳಿದ್ದು, ಕಾಗದ ನಾಲ್ಕಿದ್ದರೂ ಸರದಿ ಬಂದಾಗ ಬಾಯಿಬಿಟ್ಟು ಹೇಳಲು ಸಿಗುವುದು ಒಂದೇ ಅಂತ. ಮಿಕ್ಕದ್ದು ಪಟ್ಟಿಯಲ್ಲಿ ಇರುತ್ತದೆ, ಪಟ್ಟಿಯಲ್ಲೇ ಉಳಿಯುತ್ತದೆ. ಆ ಒಂದು ಯಾವುದು ಅನ್ನುವುದು ಆಗಲೇ ತೀರ್ಮಾನವಾಗಿತ್ತು: ಹನಗೋಡು ಕಡೆ ಹೊಳೆಗೆ ಸೇತುವೆ. ಆಚೆ ದಡದ ಹಳ್ಳಿಗಳು ಮಳೆಗಾಲದಲ್ಲಿ ತೆಪ್ಪದಲ್ಲೇ ಓಡಾಡಬೇಕು. ಗೌಡರನ್ನು ಗೆಲ್ಲಿಸಿದ್ದೂ ಆ ಕಡೆಯ ಓಟೇ. ಸೇತುವೆ ಕೇಳುತ್ತೇನೆ ಅಂತ ಅವರು ಮಾತು ಕೊಟ್ಟಿದ್ದರು.

ಕೋಟಿನ ಭುಜಕ್ಕೆ ಗುಂಡುಸೂಜಿ ಚುಚ್ಚುತ್ತಿದ್ದೆ. ಪರದೆಯ ಹಿಂದಿನಿಂದ ಜೈಬೂ ಮಾತಾಡಿದಳು. ಹೊರಗಿನ ಗಂಡಸಿನ ಜೊತೆ ಅವಳು ಹಾಗೆ ಮಾತಾಡಿದ್ದು ಅದೇ ಮೊದಲು. ನನ್ನ ಕೈಯ ಸೂಜಿ ಅಲ್ಲೇ ನಿಂತಿತು.

"ಗೌಡ್ರೇ, ನಮ್ಮ ಪಟ್ಟಣದ ಕಾಗದದಲ್ಲಿ ಏನು ಬರೆದವ್ರೆ ಅಂತ ಗೊತ್ತಾ ನಿಮ್ಗೆ?"

"ಸೂಲಗಿತ್ತಿ ನರ್ಸಮ್ಮನ್ನ ಕೇಳವ್ರೆ ತಾಯಿ, ಆಸ್ಪತ್ರೆಗೆ."

"ನಮ್ಮಕ್ಕ ಹೋದ ವರ್ಷ ಮೂರು ದಿನ ನೋವು ತಿಂದು ಸತ್ತಳು. ಡಾಕ್ಟ್ರು ಇದ್ರು, ಕೂಗಿದ್ರೆ ಕೇಳೋ ಅಷ್ಟು ದೂರ. ಗಂಡಸು ಅಂತ ಯಾರೂ ಕರೀಲಿಲ್ಲ. ಅವಳೂ ಬ್ಯಾಡ ಅಂದಳು. ನಿಮ್ಮ ಒಕ್ಕಲು ಮನೆಯೋರೂ ಕರೆಯಾಕಿಲ್ಲ, ಕೇಳಿ ನೋಡಿ."

ಗೌಡರು ತಲೆ ತಗ್ಗಿಸಿದರು. "ಉಂ ಕಣವ್ವ. ಕರೆಯಾಕಿಲ್ಲ. ಆದ್ರೆ ಮಾತು ಕೊಟ್ಟಿವ್ನಿ. ಮುಂದಿನ್ ವರ್ಷ ಇದನ್ನೇ ಕೇಳ್ತೀನಿ, ಆಣೆ."

"ಮುಂದಿನ್ ವರ್ಷ ನಾನು ಇರ್ತೀನೋ ಇಲ್ವೋ ಅಣ್ಣಾವ್ರೇ," ಅಂದಳು.

ಆಗ ಅವಳು ಎರಡು ತಿಂಗಳ ಬಸುರಿ. ನನಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಗೌಡರು ಅರ್ಥ ಮಾಡಿಕೊಂಡರು. ನಶ್ಯವನ್ನೂ ಏರಿಸದೆ, ಗುಂಡುಸೂಜಿ ಚುಚ್ಚಿದ ಕೋಟನ್ನು ಬಿಚ್ಚಿಕೊಟ್ಟು ಮಳೆಯಲ್ಲೇ ಹೊರಟುಹೋದರು. ನಾನು ಜೈಬೂ ಮೇಲೆ ರೇಗಿದೆ. ನಮಗೆ ಓಟೇ ಇಲ್ಲ, ಬಾಡಿಗೆ ಅಂಗಡಿ, ಬಾಡಿಗೆ ಮನೆ, ಕಂದಾಯ ಕಟ್ಟುವ ತುಂಡು ನೆಲವಿಲ್ಲ, ಯಾವ ಮುಖ ಇಟ್ಟುಕೊಂಡು ಕೇಳಿದೆ ಅಂತ. ಅವಳು ಕೂತು ಗಂಟು ಹೊಲಿಯುತ್ತಿದ್ದಳು. ಗಂಟಿನ ಕೆಲಸವೆಲ್ಲ ಅವಳದೇ. ಎಡಗಡೆ ಮೇಲಿನ ಜೇಬು ಹನಗೋಡು, ಬಲಗಡೆ ಮೇಲಿನದು ಕಸಬಾ, ಕೆಳಗಡೆ ಉಳಿದೆರಡು ಅಂತ ಸೀಮೆಸುಣ್ಣದಲ್ಲಿ ಅಸ್ತರಿನ ಮೇಲೆ ಗುರುತು ಹಾಕಿ ಕೊಟ್ಟಿದ್ದೆ.

ದಸರೆಗೆ ಹೊರಡುವ ಹಿಂದಿನ ದಿನ ಗೌಡರು ಕೋಟು ಹಾಕಿಕೊಂಡು ಅಂಗಡಿಯ ಕನ್ನಡಿಯ ಮುಂದೆ ನಿಂತರು. ಕಪ್ಪು ಆಲ್ಪಾಕ ಬಟ್ಟೆ, ಬಿಳಿ ಪಂಚೆ, ಜರಿ ಪೇಟ. ನನ್ನ ಕೈಯ ಕೆಲಸ ನೋಡಿ ನನಗೇ ಹೆಮ್ಮೆಯಾಯಿತು. ಓದು ಬರುತ್ತಿದ್ದದ್ದು ನನಗೆ ಆದ್ದರಿಂದ ಕಾಗದ ಇಡುವ ಕೆಲಸ ನನ್ನದು. ಒಂದೊಂದನ್ನೂ ಓದಿ ಒಂದೊಂದು ಜೇಬಿಗೆ ಇಟ್ಟೆ. ಯಾವ ಜೇಬು ಎಲ್ಲಿದೆ ಅನ್ನುವುದು ಗೌಡರಿಗೆ ಬೇಕಿರಲಿಲ್ಲ, ಅವರಿಗೆ ಗಂಟು ಸಾಕು. ಗಂಟು ನನಗೆ ಬೇಕಿರಲಿಲ್ಲ, ನನಗೆ ಜಾಗ ಸಾಕು. ಹನಗೋಡಿನದು ಎಡಕ್ಕೆ, ಕಸಬೆಯದು ಬಲಕ್ಕೆ ಅಂತ ಇಟ್ಟೆನೇ ಹೊರತು ಗಂಟು ಮುಟ್ಟಿ ನೋಡಲಿಲ್ಲ. ಮನೆಯವಳ ಕೆಲಸವನ್ನು ಯಾಕೆ ನೋಡಬೇಕು?

ಹತ್ತು ದಿನ ಕಳೆಯಿತು. ಪಿರಿಯಾಪಟ್ಟಣದ ಪ್ರತಿನಿಧಿಯಾಗಿ ಹೋಗಿದ್ದ ಒಬ್ಬ ವಕೀಲರು ಊರಿಗೆ ಹಿಂತಿರುಗುವ ದಾರಿಯಲ್ಲಿ ನನ್ನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದರು. ಸಭೆಯಲ್ಲಿ ಗೌಡರ ಪಕ್ಕವೇ ಕೂತಿದ್ದವರು. "ಏನ್ರೀ ಟೈಲರೇ, ನಿಮ್ಮ ಗೌಡರು ಭಾರಿ ಕೆಲಸ ಮಾಡಿಬಿಟ್ಟರು!" ಅಂದರು. ಗೌಡರ ಹೆಸರು ಕರೆದಾಗ ಅವರು ಎದ್ದು ನಿಂತರಂತೆ. ಎರಡು ಗುಂಡಿ ಬಿಚ್ಚಿ ಕೋಟಿನೊಳಗೆ ಕೈಯಿಟ್ಟು ಒಂದು ಗಳಿಗೆ ಹಾಗೇ ನಿಂತಿದ್ದರಂತೆ. ಆಮೇಲೆ ತೆಗೆದುಕೊಟ್ಟ ಕಾಗದವನ್ನು ಅಲ್ಲಿಯ ಅಧಿಕಾರಿಗಳು ಓದಿದರೆ, ಸೇತುವೆಯಲ್ಲ, ಹುಣಸೂರಿಗೆ ಸೂಲಗಿತ್ತಿ! ಜೊತೆಯವರೆಲ್ಲ ಮುಖ ಮುಖ ನೋಡಿಕೊಂಡರಂತೆ. ಗೌಡರು ಮಾತ್ರ ತಡವರಿಸಲಿಲ್ಲವಂತೆ. ಮೂರು ದಿನ ನೋವು ತಿಂದು ಸತ್ತ ಹೆಂಗಸಿನ ಮಾತು ಹೇಳಿ, "ಮುಂದಿನ್ ವರ್ಷ ನೋಡಾನ ಅಂದ್ರೆ ಮುಂದಿನ್ ವರ್ಷ ಇನ್ನೊಬ್ಬ ಎಣ್ಣುಮಗಳು ಇರ್ತಾಳೋ ಇಲ್ವೋ ಸ್ವಾಮಿ" ಅಂದರಂತೆ. ದಿವಾನರು ಕಾಗದದ ಮೇಲೆ ಅಲ್ಲೇ ಏನೋ ಬರೆದರಂತೆ.

ಸಂತೋಷಪಡಬೇಕಾಗಿತ್ತು. ಆದರೆ ನನ್ನ ಮನಸ್ಸು ಅಸ್ತರಿನ ಕಡೆ ಹೋಯಿತು. ಅಸ್ತರನ್ನು ಮಗುಚಿ ಹಾಕಿಕೊಂಡು ಹೊಲಿದರೆ ಎಡದ್ದು ಬಲಕ್ಕೆ ಬರುತ್ತದೆ, ಬಲದ್ದು ಎಡಕ್ಕೆ. ಕೆಲಸ ಕಲಿಯುವಾಗ ನಾನೇ ಎಷ್ಟೋ ಸಲ ಮಾಡಿದ ತಪ್ಪು. ನಾಲ್ಕು ಗಂಟು ಬಲಕ್ಕೆ ಬಿದ್ದಿದ್ದರೆ, ಗೌಡರು ಹನಗೋಡು ಅಂತ ಎಳೆದಾಗ ಬರುವುದು ಕಸಬೆಯ ಕಾಗದವೇ! ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು, ಬರಬಾರದಿತ್ತು. ಗಂಟು ಹೊಲಿದವಳಿಗೆ ಯಾವ ಕಾಗದ ಹೊರಗೆ ಬರಬೇಕಿತ್ತು?

ಒಳಗೆ ಹೋಗಿ ಕೇಳಿಯೇಬಿಟ್ಟೆ. "ಜೈಬೂ, ಗಂಟು ಅದಲುಬದಲು ಮಾಡಿದೆಯಾ?"

ಅವಳು ನನ್ನ ಮುಖ ನೋಡಿದಳು. "ಇಲ್ಲ" ಅಂದಳು. ಆಮೇಲೆ ಎಂಟು ದಿನ ಊಟ ಬಡಿಸಿದಳು, ಕಾಜ ಹೊಲಿದಳು, ಮಾತಾಡಲಿಲ್ಲ. ಆ ಪ್ರಶ್ನೆಯನ್ನು ನಾನು ಮತ್ತೆ ಕೇಳಲಿಲ್ಲ. ಆದರೆ ಅವಳ 'ಇಲ್ಲ'ವನ್ನು ಪೂರ್ತಿ ನಂಬಿದೆ ಅಂತಲೂ ಹೇಳಲಾರೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಮುಂದಿನ ಸಂತೆಗೆ ಹನಗೋಡು ಕಡೆಯ ಎಂಟು ಹತ್ತು ಜನ ಅಂಗಡಿಯ ಮುಂದೆ ಸೇರಿದರು. ಜೇಬಿನ ಉಪಾಯ ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. "ಏನ್ಲಾ ಟೈಲರು, ನಿಮ್ಮ ಪಟ್ಟಣದ ಕೆಲಸ ಆಗ್ಲಿ ಅಂತ ನಮ್ಮ ಗೌಡ್ರಿಗೆ ಟೋಪಿ ಆಕ್ಬುಟ್ಯಾ?" ಅಂತ ಒಬ್ಬ ಮೆಟ್ಟಿಲೇರಿದ. ನಾನು ಮಿಷನ್ನಿನ ಹಿಂದಕ್ಕೆ ಸರಿದೆ. ಅಷ್ಟರಲ್ಲಿ ಯಾರು ಹೇಳಿ ಕಳಿಸಿದ್ದರೋ, ಕೆಂಚೇಗೌಡರೇ ಜನರನ್ನು ಸೀಳಿಕೊಂಡು ಬಂದು ನನ್ನ ಮುಂದೆ ನಿಂತರು.

"ಆವಯ್ಯನ್ನ ಯಾಕ್ ಕೇಳೀರಿ? ಕೇಳೋದಿದ್ರೆ ನನ್ನ ಕೇಳಿ. ಕಾಗದ ತೆಗ್ದೋನು ನಾನು. ನಿಮ್ಮ ಜೇಬಿಗೂ ಕೈ ಆಕಿದ್ದೆ, ನಾಲ್ಕು ಗಂಟೂ ಎಣಿಸಿದೆ. ಬುಟ್ಟು, ಒಂದು ಗಂಟಿಂದು ತೆಗ್ದೆ. ಬೇಕಂತ್ಲೇ ತೆಗ್ದೆ."

ಹಿಂದಿದ್ದ ಮುದುಕರೊಬ್ಬರು, "ಬುಡ್ರಲಾ, ಗೌಡ್ರುದು ದೊಡ್ಡ ಮನಸು. ಸಾಬ್ರ ಮ್ಯಾಲೆ ಬರಬಾರ್ದು ಅಂತ ತಮ್ಮ ಮ್ಯಾಲೆ ಆಕ್ಕೊತಾವ್ರೆ" ಅಂದರು. ಎಲ್ಲರೂ ಹೌದು ಅಂದರು. ನಾನೂ ಮನಸ್ಸಿನಲ್ಲೇ ಹೌದು ಅಂದೆ. ಜನ ಚದುರಿದ ಮೇಲೆ ಅವರ ಕೈ ಹಿಡಿದುಕೊಂಡು, "ಗೌಡ್ರೇ, ನಿಮ್ಮ ಉಪಕಾರ ಈ ಜನ್ಮಕ್ಕೆ ತೀರಿಸೋಕಾಗಲ್ಲ. ಕೋಟು ಕಳಿಸಿ, ಗಂಟು ಬಿಚ್ಚಿ ಸರಿಯಾಗಿ ಹೊಲಿದುಕೊಡ್ತೀನಿ" ಅಂದೆ.

ಅವರು ನನ್ನನ್ನು ನೋಡಿ ನಕ್ಕರು. "ಸರಿಯಾಗೇ ಅದೆ ಬುಡಿ ಸಾಬ್ರೇ. ಮುಟ್ಟಬ್ಯಾಡಿ."

ಸಂಕ್ರಾಂತಿ ಕಳೆದು ಹದಿನೈದು ದಿನಕ್ಕೆ ಮೈಸೂರಿನಿಂದ ಸೂಲಗಿತ್ತಿ ಬಂದರು. ಮೇರಿಯಮ್ಮ ಅಂತ, ಗಿಡ್ಡಗೆ ಗುಂಡಗೆ ಇದ್ದರು, ಮಾತು ಖಡಕ್ಕು. ಸರ್ಕಾರದ ಕೆಲಸ ಅಷ್ಟು ಬೇಗ ಆಗಿದ್ದನ್ನು ನಾನು ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಯುಗಾದಿ ಹತ್ತಿರ ಬರುವಾಗ ಜೈಬೂಗೆ ನೋವು ಶುರುವಾಯಿತು. ಮಗುವಿನ ಕಾಲು ಮುಂದಾಗಿತ್ತು, ಅವಳ ಅಕ್ಕನಿಗೆ ಆಗಿದ್ದ ಹಾಗೆಯೇ. ಅಂಗಡಿಯಲ್ಲಿ ಕೂತು ಯಾವುದೋ ಬಟ್ಟೆಯನ್ನು ಸುಮ್ಮನೆ ಕತ್ತರಿಸುತ್ತಿದ್ದೆ. ಬೆಳಿಗ್ಗೆ ಒಳಗೆ ಹೋದ ಮೇರಿಯಮ್ಮ ಇಳಿಹೊತ್ತಿಗೆ ಪರದೆ ಸರಿಸಿ ಹೊರಗೆ ಬಂದರು. ಸೀರೆಯೆಲ್ಲ ಒದ್ದೆ. "ಹೆಣ್ಣು. ತಾಯಿ ಚೆನ್ನಾಗಿದ್ದಾಳೆ. ಆ ಕತ್ತರಿ ಕೆಳಗಿಡಯ್ಯ, ನೋಡೋಕೆ ಭಯ ಆಗುತ್ತೆ" ಅಂದರು. ಕತ್ತರಿ ಕೆಳಗಿಟ್ಟು ಗೊಳೋ ಅಂತ ಅತ್ತೆ. ಅದೇ ನಮ್ಮ ಸಕೀನಾ. ಮೂರನೇ ದಿನ ಗಾವಡಗೆರೆಯಿಂದ ಒಂದು ಗಡಿಗೆ ತುಪ್ಪ, ಎರಡು ಅಚ್ಚು ಬೆಲ್ಲ ಬಂತು.

ಗೌಡರ ಪಾಲಿಗೆ ಬಂದದ್ದು ಬೇರೆ. ಮರುವರ್ಷದ ಮಳೆಯಲ್ಲಿ ಹನಗೋಡು ಕಡೆ ಹೊಳೆ ದಾಟುವ ಕಡವಿನಲ್ಲಿ ತೆಪ್ಪ ಮಗುಚಿತು. ಜನ ಈಜಿ ಬಚಾವಾದರು, ಒಂದು ಜೊತೆ ಎತ್ತು ಹೊಳೆಪಾಲಾಯಿತು. ಎತ್ತು ಕಳೆದುಕೊಂಡವನ ಮನೆಗೆ ಗೌಡರು ತಮ್ಮ ಕೊಟ್ಟಿಗೆಯ ಜೋಡಿಯನ್ನೇ ಹೊಡೆದುಕೊಂಡು ಹೋಗಿ ಕಟ್ಟಿ ಬಂದರು. ಸೇತುವೆಯನ್ನೂ ಆ ದಸರೆಗೆ ಕೇಳಿದರು, ಅದು ಪಟ್ಟಿಯಲ್ಲೇ ಉಳಿಯಿತು. ಮುಂದಿನ ಚುನಾವಣೆಯಲ್ಲಿ ಸೋತರು. ಬೇಕೆಂದೇ ತೆಗೆದೆ ಅನ್ನುವ ಮಾತನ್ನು ನಂಬಿದ ಕೆಲವರು ಕೋಪಕ್ಕೆ ಓಟು ಹಾಕಲಿಲ್ಲ. ನಂಬದ ಹಲವರು, ತನ್ನ ಜೇಬೇ ತನಗೆ ಗೊತ್ತಾಗದವನು ಅಂತ ನಕ್ಕು ಓಟು ಹಾಕಲಿಲ್ಲ. ಸೇತುವೆ ಆಮೇಲೆ ಬೇರೆಯವರ ಕಾಲದಲ್ಲಿ ಆಯಿತು. ಗೌಡರು ಕೋಟನ್ನು ಪೆಟ್ಟಿಗೆಗೆ ಹಾಕಿ ಗದ್ದೆಗೆ ಇಳಿದರು. ಸಂತೆಗೆ ಬಂದರೆ ಮಾತ್ರ ನನ್ನ ಅಂಗಡಿಯಲ್ಲಿ ಕೂತು ನಶ್ಯ ಏರಿಸದೆ ಹೋಗುತ್ತಿರಲಿಲ್ಲ. ಸಕೀನಾಳನ್ನು ಕರೆದು ತಲೆ ಸವರುತ್ತಿದ್ದರು. ಹೋದ ವರ್ಷ ತೀರಿಕೊಂಡರು.

ಇಷ್ಟು ಬರೆದು ಮಲಗಿದೆ. ಈಗ ಬೆಳಿಗ್ಗೆ. ಅಂಗಡಿ ಬಾಗಿಲು ತೆಗೆದು, ಬೆಳಕಿಗೆ ಕೋಟನ್ನು ಹರವಿ, ಎಡಗಡೆ ಮೇಲಿನ ಜೇಬಿಗೆ ಬೆರಳಿಟ್ಟೆ. ಒಂದು, ಎರಡು, ಮೂರು, ನಾಲ್ಕು. ಬಲಗಡೆ ಮೇಲಿನದಕ್ಕೆ ಇಟ್ಟೆ. ಒಂದೇ ಒಂದು. ನಂಬಿಕೆಯಾಗದೆ ಕೋಟನ್ನು ನಾನೇ ಹಾಕಿಕೊಂಡು, ಕಣ್ಣು ಮುಚ್ಚಿ ಎಣಿಸಿದೆ. ಸೀಮೆಸುಣ್ಣದ ಗುರುತು ಎಲ್ಲೆಲ್ಲಿ ಹಾಕಿಕೊಟ್ಟಿದ್ದೆನೋ ಅಲ್ಲಲ್ಲೇ, ಒಂದು ಎಳೆಯೂ ಆಚೀಚೆ ಆಗದೆ ಕೂತಿವೆ.

"ಜೈಬೂ!" ಅಂತ ಕೂಗಿದೆ. ದನಿ ಹೇಗೆ ಬಂತೋ, ಅವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಕೋಟು ತೋರಿಸಿದೆ. ಕೈ ಒರೆಸಿಕೊಂಡು ಗಂಟುಗಳ ಮೇಲೆ ಬೆರಳಾಡಿಸಿದಳು. ಈಗ ಅವಳ ಕಣ್ಣು ಮಂಜು, ಬೆರಳು ಮಂಜಾಗಿಲ್ಲ.

"ನಾನು ಅವತ್ತೇ ಹೇಳಿದ್ದೆ, ನೀವು ನಂಬಲಿಲ್ಲ. ಗೌಡ್ರೂ ಅವತ್ತೇ ಹೇಳಿದ್ರು, ಅದನ್ನೂ ನಂಬಲಿಲ್ಲ," ಅಂದಳು. ಆಮೇಲೆ, "ನನ್ನದು ಬಿಡಿ, ನಾನು ಇಲ್ಲೇ ಇದ್ದೀನಿ. ಅವರಿಗೆ ಏನು ಹೇಳ್ತೀರಿ ಈಗ?" ಅಂದಳು.

ಇಪ್ಪತ್ತು ವರ್ಷ ಆ ಮನುಷ್ಯನಿಗೆ ನಾನು ಕೃತಜ್ಞನಾಗಿದ್ದೆ. ನಮ್ಮ ತಪ್ಪನ್ನು ತನ್ನ ಮೇಲೆ ಹಾಕಿಕೊಂಡರು ಅಂತ ಆ ಕೃತಜ್ಞತೆ. ತಪ್ಪೇ ಇರಲಿಲ್ಲ. ದಿವಾನರ ಮುಂದೆ ಕೋಟಿನೊಳಗೆ ಕೈಯಿಟ್ಟು ನಿಂತ ಆ ಒಂದು ಗಳಿಗೆಯಲ್ಲಿ, ಗೆಲ್ಲಿಸಿದವರ ಜೇಬನ್ನು ಮುಟ್ಟಿ, ಬಿಟ್ಟು, ಓಟಿಲ್ಲದ ನಮ್ಮ ಜೇಬಿಗೆ ಕೈ ಹಾಕಿದ್ದರು. ಬಂದು ನಿಜ ಹೇಳಿದರೆ ತಾಲ್ಲೂಕಿನ ಜನವೆಲ್ಲ, ನಾನೂ ಸೇರಿ, ಪಾಪ ದೊಡ್ಡ ಮನಸ್ಸು ಅಂದುಬಿಟ್ಟೆವು.

ಇದು ಸಂತೆ ಕಳೆದ ಮೇಲೆ ಬರೆದದ್ದು. ಸಂತೆ ದಿನ ನಿಂಗೇಗೌಡ ಬಂದ. ಕೋಟು ಮೈಗೆ ಸರಿಯಾಗಿ ಕೂತಿತು. "ಒಳಗಿನ ಜೇಬು ತೆಗೆದುಬುಟ್ರಾ ಸಾಬ್ರೇ? ಅಪ್ಪಯ್ಯ ಅದ್ರಿಂದ್ಲೇ ಅಲ್ವಾ ನಗೆಪಾಟಲಾಗಿದ್ದು," ಅಂದ ಮೆಲ್ಲಗೆ. ಅವನೂ ಆ ನಗುವಿನ ನಡುವೆಯೇ ಬೆಳೆದವನಲ್ಲವೇ.

ಅವನ ಕೈ ಹಿಡಿದು ಕೋಟಿನೊಳಗೆ ಎಡಗಡೆ ಇಟ್ಟೆ. "ಎಣಿಸು" ಅಂದೆ. "ನಾಲ್ಕು" ಅಂದ. ಬಲಕ್ಕೆ ಇಟ್ಟೆ. "ಒಂದು" ಅಂದ. ಆಮೇಲೆ ಅವತ್ತು ಯಾವ ಕಾಗದ ಯಾವ ಜೇಬಿನಲ್ಲಿ ಇಟ್ಟಿದ್ದೆ ಅಂತ ಹೇಳಿದೆ. ಅವನು ಕನ್ನಡಿಯ ಮುಂದೆಯೇ ನಿಂತಿದ್ದ, ಎಷ್ಟು ಹೊತ್ತಾದರೂ ಕೈ ಹೊರಗೆ ತೆಗೆಯಲಿಲ್ಲ.

"ಅಂಗಾದ್ರೆ ನಮ್ಮಪ್ಪಂಗೆ ಗೊತ್ತಿತ್ತು," ಅಂದ.

"ಗೊತ್ತಿತ್ತು ಕಣಪ್ಪ," ಅಂದೆ. ಪರದೆಯ ಹಿಂದಿನಿಂದ ಜೈಬೂ, "ಆ ಕೋಟು ಹಾಕ್ಕೊಂಡು ಮೀಟಿಂಗಿಗೆ ಹೋಗೋ ಮೊದಲು ಒಳಗೆ ಬಂದು ಊಟ ಮಾಡ್ಕೊಂಡು ಹೋಗು ಮಗ," ಅಂದಳು. ಅವನು ಮೆಟ್ಟಿಲಿಳಿದು, ಸೂರಿನ ಕೆಳಗಿನ ತೊಟ್ಟಿಯ ನೀರಿನಲ್ಲಿ ಕಾಲು ತೊಳೆದುಕೊಂಡು ಬಂದ.